ದರ್ಜಿಯ ಹೊಟ್ಟೆ, ಟಪಾಲಣ್ಣನ ರಕ್ತ

ಎಲ್ಲ ಶುರುವಾದದ್ದು ನಾಲ್ಕು ತುಂಡು ಕೇಕಿನಿಂದ. ಗಿರಾಕಿಯ ಮಗಳ ಹುಟ್ಟುಹಬ್ಬಕ್ಕೆ ಫ್ರಾಕು ಹೊಲಿದ ದರ್ಜಿ ಅದನ್ನು ತಾನೇ ಒಯ್ದು ಕೊಟ್ಟಿದ್ದ. ಮೊದಲನೆಯ ತುಂಡು ತಿಂದದ್ದು ದಾಕ್ಷಿಣ್ಯಕ್ಕೆ. ಎರಡನೆಯದು ಫ್ರಾಕನ್ನು ಹೊಗಳಿದರಲ್ಲ ಎಂಬ ಖುಷಿಗೆ. ಮೂರು ಮತ್ತು ನಾಲ್ಕನೆಯದಕ್ಕೆ ಅವನ ಬಳಿ ಯಾವ ಸಬೂಬೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಸಮುದಾಯ ಭವನದಲ್ಲಿ ಸಕ್ಕರೆ ಕಾಯಿಲೆಯ ಕ್ಲಿನಿಕ್ಕು. ಮೂರು ತಿಂಗಳ ಹಿಂದೆ ಡಾಕ್ಟರಮ್ಮ ಎಚ್ಚರಿಸಿದ್ದರು. "ನಿಮ್ಮದು ಎಂಟೂವರೆ ಇದೆ. ಮುಂದಿನ ಟೆಸ್ಟಲ್ಲೂ ಎಂಟು ದಾಟಿದ್ರೆ ಮಾತ್ರೆ ಸಾಕಾಗಲ್ಲ, ದಿನಾ ಎರಡು ಹೊತ್ತು ಹೊಟ್ಟೆಗೆ ಸೂಜಿ." ಆ ಟೆಸ್ಟು ಎಂಥದ್ದು, ಏನನ್ನು ತೋರಿಸುತ್ತದೆ ಎಂದು ಆಮೇಲೆ ಹತ್ತು ನಿಮಿಷ ವಿವರಿಸಿದ್ದರು. ದರ್ಜಿಯ ಕಿವಿ 'ಸೂಜಿ' ಎಂಬಲ್ಲೇ ಮುಚ್ಚಿಕೊಂಡಿತ್ತು.

ಇಪ್ಪತ್ತಾರು ವರ್ಷ ಸೂಜಿ ಹಿಡಿದೇ ಸಂಸಾರ ಸಾಗಿಸಿದವನು ಅವನು. ಆದರೆ ಬಟ್ಟೆಗೆ ಚುಚ್ಚುವ ಸೂಜಿ ಬೇರೆ, ಮೈಗೆ ಚುಚ್ಚುವ ಸೂಜಿ ಬೇರೆ. ಎರಡನೆಯದನ್ನು ಕಂಡರೆ ಅವನು ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಹೆಂಡತಿಯ ಹೆರಿಗೆಯಲ್ಲಿ ಅವಳಿಗೆ ಇಂಜೆಕ್ಷನ್ ಕೊಡುವುದನ್ನು ನೋಡಿ ಇವನೇ ದೊಪ್ಪನೆ ಬಿದ್ದಿದ್ದ. ಅವಳಿಗಿಂತ ಒಂದು ದಿನ ಹೆಚ್ಚು ಆಸ್ಪತ್ರೆಯಲ್ಲಿದ್ದ.

"ಮೂರು ತಿಂಗಳು ಪಥ್ಯ ಮಾಡಿದ್ದೀರಿ, ಧೈರ್ಯವಾಗಿ ಹೋಗಿ ಬನ್ರೀ," ಎಂದಳು ಹೆಂಡತಿ. ಪಾಪ, ಕೇಕಿನ ಸುದ್ದಿ ಅವಳಿಗೆ ಗೊತ್ತಿರಲಿಲ್ಲ.

ಭವನದ ಬಾಗಿಲಲ್ಲಿ ಮೇಜು ಹಾಕಿಕೊಂಡು ಕೂತಿದ್ದವಳು ಟೀಚರಮ್ಮ. ಶಾಲೆಯಿಂದ ನಿವೃತ್ತಳಾದರೂ ಮಕ್ಕಳನ್ನು ಪಾಸು ಫೇಲು ಮಾಡುವ ಚಪಲ ಅವಳನ್ನು ಬಿಟ್ಟಿರಲಿಲ್ಲ. ಈಗ ರೋಗಿಗಳನ್ನು ಪಾಸು ಫೇಲು ಮಾಡುತ್ತಿದ್ದಳು. ಹೆಸರಿನ ಜಾಗದಲ್ಲಿ ಕಸುಬು ಬರೆದ ಚೀಟಿಯನ್ನು ದರ್ಜಿಯ ಕೈಗೆ ತುರುಕಿ, "ಈ ಸಲ ಫೇಲಾದ್ರೆ ನಿಮಗೆ ಸೂಜಿ ಅಲ್ವಾ?" ಎಂದು ಇಡೀ ಸಾಲಿಗೆ ಕೇಳಿಸುವಂತೆ ನೆನಪಿಸಿದಳು.

ದರ್ಜಿಯ ಹಿಂದೆಯೇ ನಿಂತಿದ್ದವನು ಮೇಲಿನ ಮನೆಯ ಟಪಾಲಣ್ಣ, ನಿವೃತ್ತ ಅಂಚೆಯವನು. ಒಂಟಿ ಜೀವ, ಕಡ್ಡಿಯಂಥ ಮೈ. ತನಗೆ ಯಾವ ಕಾಯಿಲೆಯೂ ಇಲ್ಲ ಎಂದು ಬರಹದಲ್ಲಿ ಪಡೆದು ಊರಿಗೆಲ್ಲ ತೋರಿಸಲೆಂದೇ ಬಂದಿದ್ದ.

"ಮೂವತ್ತು ವರ್ಷ ಸೈಕಲ್ ತುಳಿದಿರೋ ಕಾಲಯ್ಯಾ ಇದು. ಸಕ್ಕರೆ ನನ್ನ ಹತ್ರ ಸುಳಿಯೋದೇ ಇಲ್ಲ."

ದರ್ಜಿಯ ತಲೆಯಲ್ಲಿ ದೀಪ ಹತ್ತಿತು. ಟಪಾಲಣ್ಣನನ್ನು ನೀರಿನ ಡ್ರಮ್ಮಿನ ಹಿಂದಕ್ಕೆ ಎಳೆದ.

"ಅಣ್ಣಾ, ನಿಮ್ಮ ಕಾಲಿಗೆ ಬೀಳ್ತೀನಿ. ರಕ್ತ ಕೊಡೋ ತನಕ ಚೀಟಿ ಬದಲಾಯಿಸೋಣ. ಸಿಸ್ಟರ್ ಹೊಸಬರು, ಮುಖ ಪರಿಚಯ ಇಲ್ಲ."

"ನಿನ್ನ ಸಕ್ಕರೆ ನನ್ನ ತಲೆಗೆ ಕಟ್ತೀಯಾ?"

"ಆಮೇಲೆ ನಿಮ್ಮದು ಇನ್ನೊಂದ್ಸಲ ಟೆಸ್ಟ್ ಮಾಡಿಸಿದ್ರಾಯ್ತು. ಒಂದು ಶರ್ಟು ಹೊಲಿದು ಕೊಡ್ತೀನಿ."

"ತುಂಬು ತೋಳಿಂದು?"

"ಎರಡು ಜೇಬಿಂದು."

ಚೀಟಿಗಳು ಕೈ ಬದಲಾದವು.

ದರ್ಜಿ ಅಂಚೆಯವನಾಗಿ ಮೊದಲು ಕೂತು ಮುಖವನ್ನು ಛಾವಣಿಗೆ ತಿರುಗಿಸಿದ. ಸಿಸ್ಟರ್ ಅವನ ಎಡಗೈ ಬೆರಳಿಗೆ ಟಕ್ಕೆಂದು ಚುಚ್ಚಿದಳು. ರಕ್ತ ಬರಲಿಲ್ಲ. ಇನ್ನೊಂದು ಬೆರಳಿಗೆ ಚುಚ್ಚಿದಳು. ಅದೂ ಕದಲಲಿಲ್ಲ.

"ಏನಣ್ಣಾ, ಇದು ಬೆರಳೋ ಚಪ್ಪಲಿ ಅಟ್ಟೆಯೋ? ಕಾಗದ ಹಂಚೋರಿಗೆ ಇಷ್ಟು ಗಟ್ಟಿ ಚರ್ಮ ಹೇಗೆ ಬಂತು?"

"ಕೆಲವರು... ತುಂಬಾ ಗಟ್ಟಿ ಕವರಲ್ಲಿ ಬರೀತಿದ್ರು ಸಿಸ್ಟರ್."

ಮೂರನೆಯ ಬೆರಳು ಕೊನೆಗೂ ಒಂದು ಹನಿ ಬಿಟ್ಟುಕೊಟ್ಟಿತು. ದರ್ಜಿ ಬೆವರೊರೆಸಿಕೊಂಡು ಎದ್ದ. ಟಪಾಲಣ್ಣ ಕೂತ, ರಕ್ತ ಕೊಟ್ಟ. ಇನ್ನೇನು ಏಳಬೇಕು, ಅಷ್ಟರಲ್ಲಿ ಸಿಸ್ಟರ್ ಚೀಟಿ ಓದಿದಳು.

"ಟೈಲರಾ? ದೇವರು ಕಳಿಸಿದ ಹಾಗೆ ಬಂದ್ರಿ ನೋಡಿ! ಕೋಟಿನ ಗುಂಡಿ ಕಿತ್ತುಹೋಗಿದೆ, ಸೂಜಿ ದಾರ ಇಲ್ಲೇ ಇದೆ. ಎರಡು ನಿಮಿಷದ ಕೆಲಸ."

ಟಪಾಲಣ್ಣ ಜನ್ಮದಲ್ಲಿ ಸೂಜಿ ಮುಟ್ಟಿದವನಲ್ಲ. ದಾರ ಪೋಣಿಸುವುದಕ್ಕೇ ಕಾಲು ಗಂಟೆ ಹಿಡಿಯಿತು. ಸೂಜಿಯ ಕಣ್ಣು ಬಿಟ್ಟು ಉಳಿದ ಎಲ್ಲ ಕಡೆಯೂ ದಾರ ಹೋಯಿತು. ಆಮೇಲೆ ಗುಂಡಿಗೆ ಹೊಲಿಗೆ ಬಿತ್ತು, ಜೇಬಿನ ಬಾಯಿಗೂ ಬಿತ್ತು. ಎದ್ದು ನಿಂತಾಗ ಕೋಟು ಅವನ ಜೊತೆಗೇ ಹೊರಟಿತು, ಅವನ ಸ್ವಂತ ಅಂಗಿಯ ತೋಳೂ ಹೊಲಿಗೆಯಲ್ಲಿ ಸೇರಿಕೊಂಡಿತ್ತು. ಸಿಸ್ಟರ್ ಕತ್ತರಿ ತಂದು ಬಿಡಿಸಬೇಕಾಯಿತು. ದೂರದ ಬೆಂಚಿನಲ್ಲಿ ದರ್ಜಿ ಇದನ್ನೆಲ್ಲ ನೋಡಿ ಹಲ್ಲು ಕಚ್ಚಿಕೊಂಡು ಕೂತಿದ್ದ.

ಚೀಟಿಗಳು ಗುಟ್ಟಾಗಿ ಒಡೆಯರಿಗೆ ಮರಳಿದವು. ಯಂತ್ರ ಲೆಕ್ಕ ಹಾಕುವಷ್ಟರಲ್ಲಿ ಸಿಸ್ಟರ್ ಎಲ್ಲರನ್ನೂ ಕೂರಿಸಿ ಪಾಠ ಹೇಳಿದಳು.

"ನಿನ್ನೆ ಉಪವಾಸ ಇದ್ದೆ, ಮೊನ್ನೆ ಸ್ವೀಟು ತಿಂದೆ, ಇದಕ್ಕೆಲ್ಲ ಈ ಟೆಸ್ಟು ಜಗ್ಗಲ್ಲ. ಮೂರು ತಿಂಗಳ ಸರಾಸರಿ ಇದು."

ದರ್ಜಿ ನೆಟ್ಟಗೆ ಕೂತ. ಹಾಗಾದರೆ ನಾಲ್ಕು ತುಂಡು ಕೇಕು ಲೆಕ್ಕಕ್ಕೇ ಇಲ್ಲ! ಶರ್ಟೊಂದು ದಂಡವಾಯಿತಲ್ಲ ಎಂದು ಹಳಹಳಿಸಿದ. ಹೋಗಲಿ, ಟಪಾಲಣ್ಣನ ರಕ್ತ ತನ್ನದಕ್ಕಿಂತ ಚೆನ್ನಾಗಿಯೇ ಇರುತ್ತದೆ ಎಂದು ಸಮಾಧಾನ ಮಾಡಿಕೊಂಡ.

ಫಲಿತಾಂಶವನ್ನು ಎಲ್ಲರೆದುರು ಓದುವುದು ಟೀಚರಮ್ಮ ಹಾಕಿಕೊಟ್ಟ ಪದ್ಧತಿ. ಏಳರ ಒಳಗಿದ್ದವರಿಗೆ ಚಪ್ಪಾಳೆ.

"ಅಂಚೆಯವರು. ಆರು ಪಾಯಿಂಟ್ ಒಂದು!" ಚಪ್ಪಾಳೆಯೋ ಚಪ್ಪಾಳೆ. ಟಪಾಲಣ್ಣ ಮದುಮಗನಂತೆ ಕೈ ಮುಗಿದ.

"ಟೈಲರು." ಟೀಚರಮ್ಮ ಕನ್ನಡಕ ಸರಿಮಾಡಿಕೊಂಡಳು. "ಹನ್ನೊಂದೂವರೆ!"

ಭವನವಿಡೀ ಲೊಚಗುಟ್ಟಿತು.

"ಏನ್ರೀ ಇದು," ಎಂದರು ಡಾಕ್ಟರಮ್ಮ, "ಸಕ್ಕರೆ ಮೂಟೆ ಮೇಲೆ ಮಲಗ್ತಿದ್ರಾ? ಬನ್ನಿ, ಮೊದಲನೇ ಸೂಜಿ ಈಗಲೇ, ಇಲ್ಲೇ."

ಔಷಧಿ ತುಂಬಿಸುವುದರಲ್ಲೇ ಕಣ್ಣಿಟ್ಟಿದ್ದ ಸಿಸ್ಟರ್, ಬಂದವನ ಮುಖವನ್ನೂ ನೋಡದೆ ಸಿರಿಂಜು ಎತ್ತಿದ್ದೇ ತಡ, ದರ್ಜಿಯ ಮಾನ ಮರ್ಯಾದೆಯೆಲ್ಲ ಹಾರಿಹೋಯಿತು.

"ಅದು ನನ್ನ ರಕ್ತ ಅಲ್ಲ!"

ಎಲ್ಲರೂ ಬಿದ್ದು ಬಿದ್ದು ನಕ್ಕರು. "ಪ್ರತಿ ತಿಂಗಳೂ ಮೂರು ಜನ ಹೀಗೇ ಹೇಳ್ತಾರೆ," ಎಂದರು ಡಾಕ್ಟರಮ್ಮ. "ನಾನೂ ಹೇಳಿದ್ದೆ," ಎಂದಳು ಟೀಚರಮ್ಮ. ಟಪಾಲಣ್ಣ ಮಾತ್ರ ಕಿಟಕಿಯಾಚೆ ಏನೋ ಮಹತ್ವದ್ದನ್ನು ನೋಡುತ್ತಿದ್ದ. ಚಪ್ಪಾಳೆ ಯಾರಿಗೆ ಬೇಡ?

ದರ್ಜಿ ಸಿಸ್ಟರ್ ಕೋಟಿನ ಗುಂಡಿ ಹಿಡಿದುಕೊಂಡ. "ಇದನ್ನ ನೋಡಿ! ಇದನ್ನ ಟೈಲರ್ ಹೊಲಿದಿದ್ದಾನಾ? ಹನ್ನೊಂದೂವರೆ ಬೇಕಾದ್ರೆ ನನ್ನ ಹೆಸರಿಗೆ ಬರ್ಕೊಳ್ಳಿ, ಆದ್ರೆ ಈ ಹೊಲಿಗೆ ನಂದು ಅಂತ ಮಾತ್ರ ಬರೀಬೇಡಿ!" ಹೇಳುತ್ತಲೇ ಗುಂಡಿ ಕಳಚಿ ಅವನ ಕೈಗೆ ಬಂತು. ಸಿಸ್ಟರ್ ಅವನ ಚಪ್ಪಲಿ ಅಟ್ಟೆಯ ಬೆರಳು ನೋಡಿದಳು, ಆಮೇಲೆ ಟಪಾಲಣ್ಣನ ಮೆತ್ತನೆಯ ಬೆರಳು ನೋಡಿದಳು. ಎಲ್ಲ ಬಯಲಾಯಿತು.

ಡಾಕ್ಟರಮ್ಮ ಇಬ್ಬರಿಗೂ ಬೈದು, ಇಬ್ಬರ ರಕ್ತವನ್ನೂ ಮತ್ತೆ ತೆಗೆಸಿದರು. ದರ್ಜಿಗೆ ಆರು ಪಾಯಿಂಟ್ ಒಂದು. ಸೂಜಿ ಇಲ್ಲ! ಕುಣಿಯಬೇಕೆನ್ನಿಸಿತು ಅವನಿಗೆ. ಆದರೆ ಹನ್ನೊಂದೂವರೆಯ ಚೀಟಿ ಹಿಡಿದು ಕೂತಿದ್ದ ಟಪಾಲಣ್ಣನ ಮುಖ ನೋಡಿ ಅವನಿಗೆ ನಿಜಕ್ಕೂ ನಾಚಿಕೆಯಾಯಿತು. ತಾನು ಸುಮ್ಮನಿದ್ದಿದ್ದರೆ ಈ ಮನುಷ್ಯ ಕಾಯಿಲೆ ಇಟ್ಟುಕೊಂಡೇ ಚಪ್ಪಾಳೆ ಹೊತ್ತು ಮನೆಗೆ ಹೋಗುತ್ತಿದ್ದ.

"ಮೈ ಇಳಿದಿರೋದು ಸೈಕಲ್ಲಿಂದಲ್ಲ, ಸಕ್ಕರೆಯಿಂದ," ಎಂದರು ಡಾಕ್ಟರಮ್ಮ ಅವನಿಗೆ. "ಬೆಳಿಗ್ಗೆ ಒಂದು, ಸಂಜೆ ಒಂದು ಸೂಜಿ. ಮನೇಲಿ ಯಾರು ಕೊಡ್ತಾರೆ?"

"ಯಾರೂ ಇಲ್ಲಮ್ಮಾ. ನನಗೆ ಕಣ್ಣೂ ಮಂಜು."

"ಅಣ್ಣಾ, ಹೆದರಬೇಡಿ," ಎಂದ ದರ್ಜಿ. "ಏನು ಸಹಾಯ ಬೇಕಾದ್ರೂ ನಾನಿದ್ದೀನಿ."

ಮಾತು ಬಾಯಿಂದ ಹೊರಬಿದ್ದ ಮೇಲೆ ನೋಡುತ್ತಾನೆ, ಭವನದ ಕಣ್ಣುಗಳೆಲ್ಲ ತನ್ನ ಮೇಲಿವೆ.

"ಇಪ್ಪತ್ತಾರು ವರ್ಷ ಸೂಜಿ ಹಿಡಿದ ಕೈ!" ಟೀಚರಮ್ಮ ಕುರ್ಚಿಯಿಂದೆದ್ದಳು. "ಮನೆ ಬೇರೆ ಕೆಳಗಡೆನೇ!"

ಈ ಸಲದ ಚಪ್ಪಾಳೆ ದರ್ಜಿಗೆ. ಸಿಸ್ಟರ್ ಸಿರಿಂಜನ್ನು ಅವನ ಕೈಗಿಟ್ಟಳು. ಟಪಾಲಣ್ಣ ಅಂಗಿ ಎತ್ತಿ, ಹೊಟ್ಟೆ ಮುಂದೆ ಮಾಡಿ, ಕಣ್ಣು ಮುಚ್ಚಿ ನಿಂತ. ದರ್ಜಿ ಸೂಜಿಯ ತುದಿ ನೋಡಿದ, ಹೊಟ್ಟೆ ನೋಡಿದ, ಆಮೇಲೆ ಛಾವಣಿ ತಾನಾಗಿಯೇ ಕಾಣಿಸಿತು.

ಎಚ್ಚರವಾದಾಗ ಯಾರೋ ಮುಖಕ್ಕೆ ನೀರು ಚಿಮುಕಿಸುತ್ತಿದ್ದರು. ಟಪಾಲಣ್ಣ ಇನ್ನೂ ಅಂಗಿ ಎತ್ತಿಕೊಂಡೇ ಅವನ ಮೇಲೆ ಬಾಗಿದ್ದ.

"ಏಳಯ್ಯಾ," ಎಂದ. "ನೀನಿನ್ನೂ ಚುಚ್ಚೇ ಇಲ್ಲ. ಸಂಜೆದು ಬೇರೆ ಬಾಕಿ ಇದೆ."