ಜೊತೆಗಿಡದ ಚೀಟಿ ಬರೆದವರಿಗೆ

ನರ್ಸರಿಯ ಕುಂಡಗಳಿಗೆ ಚೀಟಿ ಬರೆಯುವ ಮಾನ್ಯರೇ,

‘ಬರಿದಾದ ನೆಲಕ್ಕೆ ಬಿಸಿಲೇ ಮೊದಲ ಹೂವು’ ಎಂದು ಎಲ್ಲೋ ಓದಿದ ನೆನಪು. ಮೊದಲ ಹೂವೋ ಕೊನೆಯ ಹೂವೋ, ಈಗ ಖಚಿತವಿಲ್ಲ. ಎರಡರಲ್ಲಿ ಯಾವುದಾಗಿದ್ದರೂ, ಆ ಸಾಲು ಬರೆದವರ ಮನೆಯ ಪಾತಿಯಲ್ಲಿ ಎರಡು ಮೊಳ ಖಾಲಿ ನೆಲ ಇದ್ದಿರಲಾರದು ಎಂಬ ಅನುಮಾನದೊಂದಿಗೆ, ತಮಗೆ ನನ್ನ ಸವಿನಯ ವಂದನೆಗಳು.

ನಮ್ಮ ಅತ್ತೆಯವರ ಕಣ್ಣಿಗೆ ಈಗ ಆಕಾರಗಳು ಸಿಗುವುದಿಲ್ಲ, ಬಣ್ಣಗಳು ಸಿಗುತ್ತವೆ. ಮುಂದಿನ ವರ್ಷಕ್ಕೆ ಅವೂ ಸಿಗುವುದು ಕಷ್ಟ ಎಂದಿದ್ದಾರೆ ಕಣ್ಣಿನ ಡಾಕ್ಟರು. ದಿನವೂ ತಿಂಡಿ ಮುಗಿಸಿ ಅವರು ಕಿಟಕಿಯ ಬಳಿ ಕೂತು ಹೊರಗಿನ ಪಾತಿಯನ್ನು ನೋಡುತ್ತಾರೆ. ಎಡಕ್ಕೆ ಕೆಂಪು ಗುಲಾಬಿ, ಬಲಕ್ಕೆ ಬಿಳಿ ಸೇವಂತಿಗೆ, ನಡುವೆ ಹಳೆಯ ದಾಸವಾಳ ಒಣಗಿಹೋದ ಕಡೆ ಏನೂ ಇಲ್ಲ. “ಅಲ್ಲೊಂದು ಹಲ್ಲು ಬಿದ್ದ ಹಾಗಿದೆ ಕಣೇ, ಏನಾದ್ರೂ ಹಳದಿ ಹಾಕು” ಎಂದರು. ಅವರು ಕೇಳಿದ್ದು ಅಷ್ಟೇ.

ನಾನು ಗುಲಾಬಿ, ಸೇವಂತಿಗೆಗಳ ನಡುವೆ ನೆಡಲು ಜೊತೆಗಿಡ ಹುಡುಕಿ ನರ್ಸರಿಗೆ ಹೋಗಿ, ಗಿಡಗಳನ್ನು ನೋಡುವ ಬದಲು ತಮ್ಮ ಚೀಟಿಗಳನ್ನು ಓದಿದೆ. ತಪ್ಪು ನನ್ನದೇ, ಒಪ್ಪಿಕೊಳ್ಳುತ್ತೇನೆ. ಆದರೆ ‘ಗಿಡ್ಡ ಸೂರ್ಯಕಾಂತಿ. ಬಿಸಿಲೆಂದರೆ ಪ್ರಾಣ. ಅಕ್ಕಪಕ್ಕದವರೊಡನೆ ಹೊಂದಿಕೊಂಡು ಹೋಗುತ್ತದೆ’ ಎಂದು ಮೂರೇ ಸಾಲಿನಲ್ಲಿ ಒಂದು ಸ್ವಭಾವವನ್ನು ಕಡೆದು ನಿಲ್ಲಿಸುವ ಗದ್ಯಕ್ಕೆ ಸೋಲದವರು ಯಾರು? ಇದಕ್ಕಿಂತ ಕಡಿಮೆ ವಿವರ ಕೇಳಿ ನಾನು ಮದುವೆಗೆ ಒಪ್ಪಿದ್ದೆ.

ಆ ಗಿಡ್ಡ ಸೂರ್ಯಕಾಂತಿ ನಮ್ಮ ಮನೆಯವರ ತಲೆಯನ್ನೂ ಮೀರಿ ಬೆಳೆದು, ಗುಲಾಬಿಯ ಬಿಸಿಲನ್ನು ಪೂರ್ತಿ ಕಸಿದುಕೊಂಡು, ಕೊನೆಗೆ ಅರಳಿದಾಗ ಪೂರ್ವಕ್ಕೆ, ಅಂದರೆ ಕಿಟಕಿಗೆ ಬೆನ್ನು ಹಾಕಿ ಅರಳಿತು. ಅತ್ತೆಯವರು ಒಂದು ತಿಂಗಳು ಹೂವಿನ ಹಸಿರು ಬೆನ್ನನ್ನು ನೋಡಿದರು. ‘ಎಷ್ಟು ಬಿಸಿಲಾದರೂ ಸೈ’ ಎಂಬ ಚೀಟಿಯ ಎರಡನೆಯ ಗಿಡ ಮೂರನೆಯ ಮಧ್ಯಾಹ್ನವೇ ಕಣ್ಣುಮುಚ್ಚಿತು. ಮೂರನೆಯದು ‘ತಂಟೆಯಿಲ್ಲದ ಹಳದಿ ಹೂವಿನ ನೆಲಬಳ್ಳಿ’. ನಿಜವಾಗಿಯೂ ತಂಟೆ ಮಾಡಲಿಲ್ಲ. ಸದ್ದಿಲ್ಲದೆ ಬೇಲಿಯ ಅಡಿಯಿಂದ ನುಸುಳಿ ಆಚೆ ಹೋಯಿತು. ಎಲೆ ನಮ್ಮ ಕಡೆ, ಹೂವು ಪಕ್ಕದ ಮನೆಯ ಕಡೆ.

ಇಷ್ಟಾದರೂ ತಮ್ಮ ಪ್ರತಿಭೆಯ ಬಗ್ಗೆ ನನಗೆ ಗೌರವವೇ ಹೆಚ್ಚಿದೆ. ಗಿಡವನ್ನು ಕಣ್ಣೆತ್ತಿಯೂ ನೋಡದೆ ಅದರ ಬಗ್ಗೆ ಇಷ್ಟು ಆತ್ಮವಿಶ್ವಾಸದಿಂದ ಬರೆಯುವುದು ನಮ್ಮಲ್ಲಿ ದೊಡ್ಡ ವಿಮರ್ಶಕರಿಗೆ ಮಾತ್ರ ಸಾಧ್ಯವೆಂದುಕೊಂಡಿದ್ದೆ. ದಯವಿಟ್ಟು ನಮ್ಮ ಮನೆಗೆ ಬಂದಿಳಿದಿರುವ ನನ್ನ ನಾದಿನಿಗೂ ಒಂದು ಚೀಟಿ ಬರೆದುಕೊಡಿ: ಎಷ್ಟು ಹರಡುತ್ತಾರೆ, ಎಷ್ಟು ದಿನ ಇರುತ್ತಾರೆ. ಅದಾಗದಿದ್ದರೆ ಇನ್ನೊಂದು ಚಿಕ್ಕ ಕೋರಿಕೆ. ಹೂವಿನ ಕಾಲ ಮುಗಿಯುತ್ತಿದೆ, ಅತ್ತೆಯವರಿಗೆ ಮುಂದಿನ ಹೂವಿನ ಕಾಲದವರೆಗೆ ಕಾಯುವಷ್ಟು ಕಣ್ಣಿಲ್ಲ. ಆದ್ದರಿಂದ ತಾವೇ ಒಂದು ಹಳದಿ ಅಂಗಿ ತೊಟ್ಟು ಬಂದು, ಬೆಳಿಗ್ಗೆ ಒಂಬತ್ತರಿಂದ ಹನ್ನೆರಡರವರೆಗೆ ಆ ಎರಡು ಮೊಳದಲ್ಲಿ ನಿಲ್ಲಬೇಕು. ಮುಖ ಕಿಟಕಿಯ ಕಡೆಗಿರಲಿ. ನೀರು ನಾನು ಹಾಕುತ್ತೇನೆ.

ಚೀಟಿಗಳನ್ನು ಈಗಲೂ ಎರಡೆರಡು ಸಲ ಓದುವ,
ತಮ್ಮ ವಿಶ್ವಾಸಿ,
ಖಾಲಿ ಪಾತಿಯ ಒಡತಿ

ತಾ.ಕ.: ತಾವು ಬರುವ ತೊಂದರೆ ತೆಗೆದುಕೊಳ್ಳಬೇಕಿಲ್ಲ. ಲಕೋಟೆ ಅಂಟಿಸುತ್ತಿದ್ದಾಗ ಪಕ್ಕದ ಮನೆಯಾಕೆ ಬಂದು ಬಾಗಿಲಲ್ಲಿ ನಿಂತು, ಚೀಟಿಯ ಹಂಗಿಲ್ಲದೆ ಹೇಳಿದರು: “ರೀ, ನಿಮ್ಮ ಬಳ್ಳಿಯಿಂದ ನಮ್ಮ ಅಂಗಳದಲ್ಲಿ ಕಾಲಿಡೋಕೆ ಜಾಗ ಇಲ್ಲ, ಎಲ್ಲಾ ಹಳದಿ. ಕಿತ್ತು ಬಿಸಾಕೋಣ ಅಂತಾನೇ ಹೋದೆ. ನಿಮ್ಮತ್ತೆ ಕಿಟಕೀಲಿ ಕೂತು ಆ ಖಾಲಿ ಜಾಗಾನೇ ನೋಡ್ತಿದ್ರು. ಒಂದು ಕುರ್ಚಿ ಹಾಕೋಷ್ಟು ಮಾತ್ರ ಕಿತ್ತಿದ್ದೀನಿ, ನಾಳೆ ತಿಂಡಿ ಆದ್ಮೇಲೆ ಕರ್ಕೊಂಡು ಬನ್ನಿ.”