ಗೇಣಗಲದ ಬಾಗಿಲ ಸಂದಿಗಾಗಿ ಡೋರ್ ಕ್ಲೋಸರ್ ಅವರಲ್ಲಿ ಒಂದು ಅಹವಾಲು

ಬಾಗಿಲಿನ ನೆತ್ತಿಯ ಮೇಲೆ ವಿರಾಜಮಾನರಾಗಿ, ತೆರೆದ ಬಾಗಿಲನ್ನೆಲ್ಲ ತಾವೇ ಎಳೆದು ಮುಚ್ಚುವ, ಮಂಡಿನೋವು ಬೆನ್ನುನೋವುಗಳ ಪರಿಚಯವೇ ಇಲ್ಲದ, ಒಮ್ಮೆ ಚಾಚಿದ ತೋಳನ್ನು ಯಾರ ಸಹಾಯವೂ ಇಲ್ಲದೆ ತಾವೇ ಮಡಚಿಕೊಳ್ಳಬಲ್ಲ ಮಾನ್ಯ ಡೋರ್ ಕ್ಲೋಸರ್ ಅವರೇ,

ನಮ್ಮ ನಿವೃತ್ತರ ಬಡಾವಣೆಯ ಕೊನೆಯ ಓಣಿಯ ಸಮಸ್ತ ಮನೆ ಮಾಲೀಕರ ಪರವಾಗಿ, ಅವರಲ್ಲಿ ಎದ್ದು ನಿಲ್ಲಬಲ್ಲವರು ಎದ್ದು ನಿಂತೂ, ಉಳಿದವರು ಕೂತಲ್ಲಿಂದಲೇ, ತಮಗೆ ಸಲ್ಲಿಸುವ ನಮಸ್ಕಾರಗಳು. ಅರವತ್ತು ದಾಟದವರಿಗೆ ಇಲ್ಲಿ ವಾಸಕ್ಕೆ ಅವಕಾಶವಿಲ್ಲ ಎಂಬ ಕಟ್ಟುನಿಟ್ಟಿನ ನಿಯಮವನ್ನು ತಮ್ಮೊಬ್ಬರಿಗಾಗಿ ಸಡಿಲಿಸಲಾಗಿದೆ. ಬಂದ ಮರುದಿನವೇ ಇಡೀ ಓಣಿಯನ್ನು ತಾವು ಬೀದಿಗೆ ತಂದಿರಿ. ಇದನ್ನು ನಾನು ಮೆಚ್ಚುಗೆಯಿಂದಲೇ ಹೇಳುತ್ತಿದ್ದೇನೆ. ಜನರನ್ನು ಬೀದಿಗೆ ತರಲು ನಾನು ಆಯಸ್ಸು ಸವೆಸಿದ್ದೇನೆ, ಒಮ್ಮೆಯೂ ತಮ್ಮಷ್ಟು ಬೇಗ ಸಾಧ್ಯವಾಗಿರಲಿಲ್ಲ.

ನನ್ನ ಪರಿಚಯ ಹೇಳಿಬಿಡುತ್ತೇನೆ, ಯಾಕೆಂದರೆ ಮುಚ್ಚಿದ ಬಾಗಿಲುಗಳ ಜೊತೆ ನನ್ನದು ಹಳೆಯ ಸಂಬಂಧ. ಹತ್ತಿ ಗಿರಣಿಯಲ್ಲಿ ಮಗ್ಗದ ಮುಂದೆ ನಿಂತು ದುಡಿದವಳು ನಾನು. ದುಡಿದದ್ದಕ್ಕಿಂತ ಹೆಚ್ಚಾಗಿ ಗಿರಣಿಯ ಗೇಟಿನ ಹೊರಗೆ ನಿಂತು ಕೂಗಿದವಳು. ಈ ಓಣಿಯಲ್ಲಿ ನನ್ನನ್ನು ಧಿಕ್ಕಾರದಕ್ಕ ಎಂದು ಕರೆಯುತ್ತಾರೆ. ಪ್ರೀತಿಯಿಂದ ಕರೆಯುತ್ತೇವೆ ಎಂದು ಅವರು ಹೇಳುತ್ತಾರೆ, ನಾನೂ ನಂಬಿದಂತೆ ಮಾಡುತ್ತೇನೆ. ಕೆಲಸಗಾರರನ್ನು ಹೊರಗೆ ತಳ್ಳಿ ಗೇಟು ಹಾಕಿದವರನ್ನು ಕಂಡಿದ್ದೇನೆ, ಒಳಗೇ ಕೂಡಿಹಾಕಿ ಗೇಟು ಹಾಕಿದವರನ್ನೂ ಕಂಡಿದ್ದೇನೆ. ಆದರೆ ಒಂದೇ ಬೆಳಿಗ್ಗೆ ಎಲ್ಲರನ್ನೂ ಹೊರಗೆ ಮತ್ತು ಒಬ್ಬನನ್ನು ಮಾತ್ರ ಒಳಗೆ ಬಂಧಿಸುವ ಪ್ರತಿಭೆಯನ್ನು ನೋಡಿದ್ದು ತಮ್ಮಲ್ಲೇ ಮೊದಲು.

ತಮ್ಮನ್ನು ಇಲ್ಲಿಗೆ ಕರೆತಂದದ್ದು ನಮ್ಮ ನಿರ್ವಹಣಾ ಸಮಿತಿ. ಅದರ ಅಧ್ಯಕ್ಷರು ನಮ್ಮ ಓಣಿಯ ತುದಿಮನೆಯವರೇ, ಇಡೀ ನೌಕರಿಯನ್ನು ಸುತ್ತೋಲೆ ಬರೆದೇ ಮುಗಿಸಿ, ನಿವೃತ್ತರಾದ ಮೇಲೂ ಕೈ ಸುಮ್ಮನಿರದವರು. ಋತು ಬದಲಾದಾಗಲೆಲ್ಲ ಅವರು ‘ಮನೆ ಮಾಲೀಕರ ಹೊಣೆಗಳು ಮತ್ತು ಋತುಮಾನದ ಸಲಹೆಗಳು’ ಎಂಬುದನ್ನು ಹೊರಡಿಸುತ್ತಾರೆ. ಮಳೆಗೆ ಮುಂಚೆ ಸೂರಿನಂಚಿನ ಕೊಳವೆಯಲ್ಲಿ ತುಂಬಿದ ಎಲೆಗಳನ್ನು ಮಾಲೀಕರೇ ತೆಗೆಯಬೇಕು ಎನ್ನುತ್ತದೆ ಮೊದಲ ಪುಟ. ಮಾಲೀಕರು ಯಾವ ಕಾರಣಕ್ಕೂ ಏಣಿ ಹತ್ತಬಾರದು ಎನ್ನುತ್ತದೆ ಅದರ ಹಿಂಬದಿ. ಹೀಗಾಗಿ ಪ್ರತಿ ವರ್ಷ ನಾವು ಕೆಳಗೆ ನಿಂತು, ದಯವಿಟ್ಟು ತಾವಾಗಿಯೇ ಇಳಿದು ಬನ್ನಿ ಎಂದು ಎಲೆಗಳಲ್ಲಿ ಮನವಿ ಮಾಡಿಕೊಳ್ಳುತ್ತೇವೆ. ಬೇಸಿಗೆಯಲ್ಲಿ ಅಂಗಳದ ಹುಲ್ಲನ್ನು ಹಸಿರಾಗಿಡುವುದು ಮಾಲೀಕರ ಹೊಣೆ, ಅದಕ್ಕೆ ನೀರು ಬಿಡದಿರುವುದೂ ಮಾಲೀಕರ ಹೊಣೆ. ಬಾಗಿಲಿನ ಹೊರಮೈ ಸಮಿತಿಯದು, ಒಳಮೈ ಮಾಲೀಕರದು. ಹಾಗಾದರೆ ನಡುವಿನ ಮರ ಯಾರದು ಸ್ವಾಮಿ ಎಂದು ನಾನು ಸಭೆಯಲ್ಲಿ ಕೇಳಿದ್ದೆ. ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿಕೊಂಡರು. ತಾವು ಕೂತಿರುವುದು ನಮ್ಮ ಒಳಮೈಯ ಮೇಲೆ, ಆದರೂ ತಾವು ಸಮಿತಿಯ ಆಸ್ತಿ, ಮುಟ್ಟುವಂತಿಲ್ಲ. ತಮಗೆ ಕಾಲಕಾಲಕ್ಕೆ ಎಣ್ಣೆ ಹಾಕುವುದು ಮಾತ್ರ ನಮ್ಮ ಹೊಣೆ. ಇಂಥ ಸ್ಥಾನ ಈ ಓಣಿಯಲ್ಲಿ ಅಳಿಯಂದಿರಿಗೂ ಸಿಕ್ಕಿಲ್ಲ.

ಮಾನ್ಯರೇ, ನಮ್ಮಲ್ಲೂ ಒಂದು ನಿಯಮವಿದೆ, ಯಾವ ಸುತ್ತೋಲೆಯಲ್ಲೂ ಇಲ್ಲದ್ದು. ಬೆಳಿಗ್ಗೆ ಎದ್ದವರು ಮೊದಲು ಮಾಡುವ ಕೆಲಸ ಮುಂಬಾಗಿಲನ್ನು ಗೇಣಗಲ ತೆರೆದಿಡುವುದು. ನಾನು ಎದ್ದಿದ್ದೇನೆ, ನೆಟ್ಟಗಿದ್ದೇನೆ, ನನ್ನ ಚಿಂತೆ ಬಿಟ್ಟು ನಿಮ್ಮ ಕೆಲಸ ನೋಡಿಕೊಳ್ಳಿ ಎಂದು ಅದರ ಅರ್ಥ. ವಾಕಿಂಗ್ ಹೊರಟವರು ಆ ಸಂದಿಯಲ್ಲಿ “ಇದ್ದೀಯಾ?” ಎಂದು ಕೂಗುತ್ತಾರೆ, ಒಳಗಿನಿಂದ “ಇದ್ದೀನಿ, ಹೋಗು” ಎಂದು ಉತ್ತರ ಬರುತ್ತದೆ. ಜಗಳವಾಡಿ ಮಾತು ಬಿಟ್ಟವರೂ ಈ ಮಾತನ್ನು ಬಿಟ್ಟಿಲ್ಲ. ಬಾಗಿಲು ಮುಚ್ಚಿಯೇ ಇದ್ದರೆ ಮಾತ್ರ ನಾವು ನುಗ್ಗುತ್ತೇವೆ.

ಹಾಗೆ ನುಗ್ಗಿದ್ದರಿಂದಲೇ ನನ್ನ ಎದುರುಮನೆಯ ದರ್ಜಿಯಣ್ಣ ಇವತ್ತು ಬದುಕಿದ್ದಾನೆ. ಹೋದ ಚಳಿಗಾಲದಲ್ಲಿ ಒಂದು ದಿನ ಅವನ ಬಾಗಿಲು ತೆರೆಯಲಿಲ್ಲ. ಅವನ ಪಕ್ಕದ ಮನೆಯ ನರ್ಸಮ್ಮ, ಹೆರಿಗೆ ವಾರ್ಡಿನಲ್ಲಿ ಅರ್ಧ ಊರನ್ನು ಹೊರಗೆಳೆದವಳು, ಹಿಂದಿನ ಕಿಟಕಿಯಿಂದ ಇಳಿದು ನೋಡಿದರೆ ಲಕ್ವ ಹೊಡೆದು ಬಚ್ಚಲಲ್ಲಿ ಬಿದ್ದಿದ್ದ. ಇನ್ನು ಸ್ವಲ್ಪ ಹೊತ್ತಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು. ಎಡಗೈಯ ಸ್ವಾಧೀನ ತಪ್ಪಿತು, ಬಲಗೈ ಉಳಿಯಿತು, ನಾಲಿಗೆ ಪೂರ್ತಿ ಉಳಿಯಿತು. ಈಗಲೂ ಒಂಟಿಕೈಯಲ್ಲೇ ನಮ್ಮ ಬಟ್ಟೆಗಳಿಗೆ ಹೊಲಿಗೆ ಹಾಕಿಕೊಡುತ್ತಾನೆ, ನಮಗೆ ವಯಸ್ಸಾದಂತೆ ಸೊಂಟ ಹೇಗೆ ಬೆಳೆಯುತ್ತಿದೆ ಎಂಬ ವರದಿಯನ್ನು ಓಣಿಗೆಲ್ಲ ಕೇಳಿಸುವಂತೆ ಒಪ್ಪಿಸುತ್ತಾನೆ. ಈ ಪ್ರಸಂಗದಿಂದ ಸಮಿತಿ ಕಲಿತ ಪಾಠವೇನೆಂದರೆ, ನರ್ಸಮ್ಮ ನುಗ್ಗುವಷ್ಟು ಸುಲಭದ ಕಿಟಕಿಗಳು ಅಪಾಯಕಾರಿ ಎಂಬುದು. ಎಲ್ಲ ಕಿಟಕಿಗಳಿಗೂ ಸರಳು ಬಂದವು.

ಈ ಚಳಿಗಾಲಕ್ಕೆ ತಾವು ಬಂದಿರಿ. ಸುತ್ತೋಲೆಯ ಪ್ರಕಾರ ತೆರೆದ ಬಾಗಿಲುಗಳಿಂದ ಶೀತಗಾಳಿ ನುಗ್ಗಿ ಹಿರಿಯರ ಆರೋಗ್ಯಕ್ಕೆ ಧಕ್ಕೆಯಾಗುತ್ತಿದೆಯಂತೆ, ಆದ್ದರಿಂದ ಬಾಗಿಲು ಮುಚ್ಚುವ ಕೆಲಸ ಇನ್ನು ತಮ್ಮದಂತೆ, ಬಾಗಿಲ ಬುಡದಲ್ಲಿ ಗಾಳಿ ನುಸುಳದಂತೆ ಬಟ್ಟೆಯ ಸುರುಳಿಯೊಂದನ್ನು ಹೊಲಿಸಿ ಇಟ್ಟುಕೊಳ್ಳುವುದು ಮಾಲೀಕರ ಹೊಣೆಯಂತೆ. ಜೊತೆಗೆ ಮುಚ್ಚಿದ ಕೂಡಲೇ ತಾನಾಗಿ ಬೀಳುವ ಹೊಸ ಚಿಲಕ. ತಮ್ಮನ್ನು ಕೂರಿಸಲು ಬಂದ ಫಿಟ್ಟರ್ ಸ್ಕ್ರೂವನ್ನು ಪ್ರಾಣ ಹೋಗುವಂತೆ ಬಿಗಿಯುತ್ತಿದ್ದಾಗ, “ಏನಪ್ಪಾ, ಇದೇನು ಬ್ಯಾಂಕಿನ ಖಜಾನೆಯಾ?” ಎಂದು ಕೇಳಿದೆ. “ಮೇಲಿಂದ ಹೇಳಿದ್ದಾರಮ್ಮಾ, ಚಳಿ ಮುಗಿಯೋವರೆಗೂ ಫುಲ್ ಟೈಟ್” ಎಂದ. ಮೇಲಿಂದ ಹೇಳಿದವರು ಆಗ ಕೆಳಗೆ, ಅಂಗಳದಲ್ಲೇ ನಿಂತು ತಲೆಯಾಡಿಸುತ್ತಿದ್ದರು.

ಇನ್ನು ಆ ಮಹಾ ಬೆಳಗಿನ ವಿಚಾರ. ಎಲ್ಲರೂ ಎಂದಿನಂತೆ ಎದ್ದು ಬಾಗಿಲನ್ನು ಗೇಣಗಲ ತೆರೆದೆವು, ಕೈ ಬಿಟ್ಟ ಕೂಡಲೇ ತಾವು ಅದನ್ನು ಗೌರವಪೂರ್ವಕವಾಗಿ ಮುಚ್ಚಿದಿರಿ. ನಮ್ಮ ಬಾಗಿಲು ಯಾಕೆ ಮುಚ್ಚಿಕೊಂಡಿತು ಎಂದು ನಮ್ಮಲ್ಲಿ ಪ್ರತಿಯೊಬ್ಬರಿಗೂ ಗೊತ್ತಿತ್ತು. ಪಕ್ಕದವರ ಬಾಗಿಲೂ ಅದೇ ಕಾರಣಕ್ಕೆ ಮುಚ್ಚಿದೆ ಎಂದು ಮಾತ್ರ ಒಬ್ಬರಿಗಾದರೂ ಹೊಳೆಯಲಿಲ್ಲ. ಕಿಟಕಿಯಿಂದ ಕಂಡದ್ದು ಒಂದೇ: ಪಕ್ಕದ ಬಾಗಿಲು ಮುಚ್ಚಿದೆ, ಪಕ್ಕದವರು ಹೋಗಿಬಿಟ್ಟಿದ್ದಾರೆ. ನಮ್ಮ ವಯಸ್ಸಿನಲ್ಲಿ ತಲೆಗಿಂತ ಮೊದಲು ಕಾಲು ಓಡುತ್ತದೆ, ಓಡಬಾರದೆಂದು ಡಾಕ್ಟರು ಹೇಳಿದ ಕಾಲುಗಳೇ ಎಲ್ಲರಿಗಿಂತ ಮುಂದೆ ಓಡುತ್ತವೆ. ಒಬ್ಬರನ್ನೊಬ್ಬರು ಉಳಿಸಲು ಎಲ್ಲರೂ ಏಕಕಾಲಕ್ಕೆ ಹೊರಗೆ ಧಾವಿಸಿದೆವು, ಪ್ರತಿಯೊಬ್ಬರ ಬೆನ್ನ ಹಿಂದೆಯೂ ತಾವು ಟಕ್ ಎಂದು ಬಾಗಿಲು ಹಾಕಿಕೊಂಡಿರಿ, ಬೀಗದ ಕೀಲಿಗಳೆಲ್ಲ ಒಳಗೆ ಮೊಳೆಗಳ ಮೇಲೆ ಕ್ಷೇಮವಾಗಿದ್ದವು.

ಆ ದೃಶ್ಯವನ್ನು ತಾವು ನೋಡಲಿಲ್ಲ, ಯಾಕೆಂದರೆ ತಮ್ಮ ಮುಖ ಒಳಗಡೆಗೆ. ನರ್ಸಮ್ಮನ ಬಾಯಲ್ಲಿ ಬ್ರಷ್, ನನ್ನ ಮೈಮೇಲೆ ತಿರುವುಮುರುವಾದ ಸ್ವೆಟರ್. ಅಧ್ಯಕ್ಷರು ಸೊಂಟಕ್ಕೊಂದು ಟವೆಲು, ಅರ್ಧ ಮುಖಕ್ಕೆ ಶೇವಿಂಗ್ ಸೋಪು ಧರಿಸಿದ್ದರು. ಅವರೂ ಓಡಿ ಬಂದದ್ದು ಪಕ್ಕದವನು ಹೋಗಿಬಿಟ್ಟನೆಂಬ ಗಾಬರಿಯಲ್ಲೇ, ಅದನ್ನು ನಾನು ಮುಚ್ಚಿಡುವುದಿಲ್ಲ. “ಅಯ್ಯೋ, ನೀವು ಸತ್ತಿಲ್ವಾ?” ಎಂದಳು ನರ್ಸಮ್ಮ. “ಸತ್ತಿದ್ರೆ ಹೀಗೆ ಟವೆಲಲ್ಲಿ ನಡುಗ್ತಾ ನಿಂತಿರ್ತಿದ್ನೇನಮ್ಮಾ?” ಎಂದರು ಅಧ್ಯಕ್ಷರು. “ಹಾಗಾದ್ರೆ ಸತ್ತಿರೋದು ಯಾರು?” ಎಂದು ಅವಳು ಕೇಳಿದಾಗ ಓಣಿಯೇ ಬಿದ್ದು ಬಿದ್ದು ನಕ್ಕಿತು. ನಗುತ್ತಲೇ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು, ಹಾಗೆ ನೋಡುವಾಗ ಒಂದು ಮುಖ ಇರಲಿಲ್ಲ.

ದರ್ಜಿಯಣ್ಣನ ಬಾಗಿಲನ್ನು ಒಳಗಿನಿಂದ ಯಾರೋ ತಟ್ಟುತ್ತಿದ್ದರು.

ಮಾನ್ಯರೇ, ಇಷ್ಟು ವರ್ಷ ಹೊರಗೆ ನಿಂತವರು ಒಳಗಿದ್ದವರನ್ನು ಕೇಳುತ್ತಿದ್ದ ಪ್ರಶ್ನೆಯನ್ನು ಆ ದಿನ ಒಳಗಿದ್ದವನು ಕೇಳಿದ. “ಯಾರಾದ್ರೂ ಇದ್ದೀರೇನ್ರೋ?” ಚಿಲಕ ತಿರುಗಿಸಲು ಒಂದು ಕೈ ಬೇಕು, ತಮ್ಮ ಬಲವನ್ನು ಮೀರಿ ಬಾಗಿಲೆಳೆಯಲು ಇನ್ನೊಂದು ಕೈ ಬೇಕು. ಅವನಿಗಿರುವುದು ಒಂದೇ. ಬೆಳಕು ಹರಿದಾಗಿನಿಂದ ಚಿಲಕ ತಿರುಗಿಸಿ, ಎಳೆಯಲು ಕೈ ಸಾಲದೆ, ತಟ್ಟಿ, ಮತ್ತೆ ತಿರುಗಿಸಿ ಸೋತಿದ್ದ. ಸ್ವಂತ ಮನೆಯಲ್ಲಿ, ಸ್ವಂತ ಬಾಗಿಲ ಹಿಂದೆ, ಶೀತಗಾಳಿಯಿಂದ ಸಂಪೂರ್ಣ ರಕ್ಷಿತನಾಗಿ. ನಾವು ತಪ್ಪು ತಿಳಿದು ಬೀದಿಗೆ ಬೀಳದೆ ಬೆಚ್ಚಗೆ ಒಳಗೇ ಇದ್ದಿದ್ದರೆ ಆ ತಟ್ಟುವಿಕೆ ಯಾರ ಕಿವಿಗೂ ಬೀಳುತ್ತಿರಲಿಲ್ಲ.

“ಇದ್ದೀವಿ!” ಎಂದು ಕೂಗಿದೆವು. “ದರ್ಜಿಯಣ್ಣಾ, ನೀನು ಚಿಲಕ ತಿರುಗ್ಸು, ನಾವು ನೂಕ್ತೀವಿ.” ಸಕ್ಕರೆ ಕಾಯಿಲೆ, ಬಿ.ಪಿ., ಬದಲಿಸಿದ ಮಂಡಿ, ಎಲ್ಲವೂ ಒಟ್ಟಾಗಿ ಆ ಬಾಗಿಲಿಗೆ ಹೆಗಲು ಕೊಟ್ಟವು. ನೂಕುವ ಕೆಲಸಕ್ಕೆ ಲಯ ಬೇಕು, ಅದು ನನ್ನ ಬಾಯಲ್ಲಿ ರೆಡಿಯಾಗಿಯೇ ಇರುತ್ತದೆ. “ಡೋರ್ ಕ್ಲೋಸರಿಗೆ” ಎಂದೆ, “ಧಿಕ್ಕಾರ” ಎಂದಿತು ಓಣಿ. “ಸಮಿತಿಯ ಸುತ್ತೋಲೆಗೆ” ಎಂದೆ, “ಧಿಕ್ಕಾರ” ಎಂದು ಎಲ್ಲರಿಗಿಂತ ಗಟ್ಟಿಯಾಗಿ ಕೂಗಿದವರು ಅಧ್ಯಕ್ಷರು, ಕೂಗಿದ ಮೇಲೆ ಸುತ್ತ ನೋಡಿದರು. ಬಾಗಿಲು ತೆರೆಯಿತು. ಒಳಗೆ ಬೆವರಿ ನಿಂತಿದ್ದ ದರ್ಜಿಯಣ್ಣ ನಮ್ಮನ್ನು ಮೇಲಿಂದ ಕೆಳಗೆ ನೋಡಿ, “ಏನು, ಎಲ್ಲಾರೂ ಅಳತೆ ಕೊಡೋಕ್ ಬಂದ್ರಾ? ಅಧ್ಯಕ್ಷರದು ಮಾತ್ರ ಅರ್ಜೆಂಟ್ ಕಾಣ್ತದೆ” ಎಂದ. ನರ್ಸಮ್ಮ ಅವನ ನಾಡಿ ಹಿಡಿದುಕೊಂಡಳು, ಬಹಳ ಹೊತ್ತು ಬಿಡಲಿಲ್ಲ.

ಬದಲಿ ಕೀಲಿಗಳು ಸಮಿತಿಯ ಕಚೇರಿಯಲ್ಲಿದ್ದವು, ಕಚೇರಿಯ ಕೀಲಿ ಅಧ್ಯಕ್ಷರ ಮನೆಯಲ್ಲಿತ್ತು, ಅಧ್ಯಕ್ಷರು ನಮ್ಮ ಜೊತೆಯಲ್ಲಿದ್ದರು. ಫಿಟ್ಟರ್ ಬರುವವರೆಗೆ ದರ್ಜಿಯಣ್ಣನ ಹೊಲಿಗೆ ಸ್ಟೂಲನ್ನು ಬಾಗಿಲಿಗೆ ಅಡ್ಡ ಕೊಟ್ಟು ಅವನ ಮನೆಯಲ್ಲೇ ಸಭೆ ಸೇರಿದೆವು. ಹೊಲಿಗೆಗೆ ಬಂದು ಇನ್ನೂ ಒಂದೇ ತೋಳು ಕೂಡಿಸಿದ್ದ ಯಾರದೋ ಅಂಗಿಯೊಳಗೆ ಕುಳಿತು, ಕೈಯಲ್ಲಿ ಚಹದ ಲೋಟ ಹಿಡಿದು, ವಿಷಯವನ್ನು ಮುಂದಿನ ಋತುವಿನ ಸುತ್ತೋಲೆಯಲ್ಲಿ ಪರಿಶೀಲಿಸಲಾಗುವುದು ಎಂದರು ಅಧ್ಯಕ್ಷರು. “ಅಲ್ಲಿವರೆಗೂ ದರ್ಜಿಯಣ್ಣ ಏನ್ ಮಾಡ್ಬೇಕು ಸ್ವಾಮೀ, ಋತು ಬದಲಾಗ್ಲಿ ಅಂತ ಒಳಗೇ ಕಾಯ್ಬೇಕಾ?” ಎಂದೆ. ಅವರು ಅಂಗಿಯ ಇಲ್ಲದ ತೋಳನ್ನು ನೋಡಿಕೊಂಡರು.

ಆದ್ದರಿಂದ ಸಮಿತಿಯನ್ನು ಬಿಟ್ಟು ನೇರವಾಗಿ ತಮ್ಮಲ್ಲೇ ವಿನಂತಿಸುತ್ತಿದ್ದೇವೆ. ಇಷ್ಟೊಂದು ಬಲವನ್ನು ತಮಗೆ ಕೊಟ್ಟವರು ಒಂದಿಷ್ಟು ಬುದ್ಧಿಯನ್ನೂ ಕೊಟ್ಟಿರಬಹುದೆಂಬ ನಂಬಿಕೆಯಿಂದ ಕೇಳುತ್ತೇವೆ: ದಯವಿಟ್ಟು ಗಾಳಿಗೂ ಮನುಷ್ಯರಿಗೂ ಇರುವ ವ್ಯತ್ಯಾಸ ಕಲಿಯಿರಿ. ಒಂಟಿಕೈಯವರು ಬಂದಾಗ ತಮ್ಮ ತೋಳನ್ನು ಸ್ವಲ್ಪ ಸಡಿಲಿಸಿ, ಸಾಧ್ಯವಾದರೆ ಅದನ್ನೇ ಆಸರೆಗೆ ಕೊಡಿ. ಬಾಗಿಲು ಮುಚ್ಚಿಯೇ ತೀರುವುದಾದರೆ, ಮುಚ್ಚಿದ ಮೇಲೆ ಒಳಗಿರುವವರನ್ನು “ಇದ್ದೀಯಾ?” ಎಂದು ತಾವೇ ಕೂಗಿ ಕೇಳಿ, ಉತ್ತರ ಬರದಿದ್ದರೆ ತಾವೇ ಓಡಿಹೋಗಿ ನರ್ಸಮ್ಮನನ್ನು ಕರೆತನ್ನಿ. ಇದೆಲ್ಲ ತಮ್ಮ ಕೆಲಸವಲ್ಲ ಎನ್ನುವಿರಾದರೆ, ಅದನ್ನು ಮಾಡುತ್ತಿದ್ದವರ ಕೆಲಸ ಕಿತ್ತುಕೊಂಡದ್ದೇಕೆ ಎಂದು ತಮ್ಮ ಸ್ವಂತ ಕೈಬರಹದಲ್ಲಿ ವಿವರಣೆ ನೀಡಿ.

ತಮ್ಮ ಉತ್ತರ ಬರುವವರೆಗೆ ನಾವು ಸುಮ್ಮನೆ ಕೂತಿಲ್ಲ, ಸುತ್ತೋಲೆಯನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದೇವೆ. ಬಟ್ಟೆಯ ಸುರುಳಿ ಹೊಲಿಸಿಕೊಳ್ಳಿ ಎಂದಿತ್ತಲ್ಲ, ಹೊಲಿಸಿಕೊಂಡೆವು. ದರ್ಜಿಯಣ್ಣ ಬಲಗೈಯಲ್ಲಿ ಹೊಲಿದ, ಹಳೆಯ ಸೀರೆ, ಶಾಲು, ಪ್ಯಾಂಟುಗಳ ಚೂರು ತುಂಬುವ ಕೆಲಸ ನರ್ಸಮ್ಮನದಾಯಿತು, ನಾನು ಮನೆಮನೆಗೆ ಹಂಚಿದೆ. ಸುರುಳಿಯನ್ನು ಬಾಗಿಲ ಬುಡದಲ್ಲಿಡಬೇಕು ಎಂದಿತ್ತು, ಬುಡದಲ್ಲೇ ಇಟ್ಟಿದ್ದೇವೆ. ಇಡುವಾಗ ಬಾಗಿಲು ಮುಚ್ಚಿರಬೇಕೋ ತೆರೆದಿರಬೇಕೋ ಎಂದು ಅದರಲ್ಲಿ ಬರೆದಿರಲಿಲ್ಲ. ರಾತ್ರಿ ನಮ್ಮ ನಮ್ಮ ಮನೆಯ ಬಾಗಿಲು ಹಾಕಿಕೊಳ್ಳುವ ಮುನ್ನ ನಾವು ಸರದಿಯಂತೆ ದರ್ಜಿಯಣ್ಣನ ಬಾಗಿಲು ತೆರೆದು ಚೌಕಟ್ಟಿಗೂ ಬಾಗಿಲಿಗೂ ನಡುವೆ ಸುರುಳಿ ಸಿಕ್ಕಿಸಿ ಬರುತ್ತೇವೆ, ಒಳಗಿನ ಸರಪಳಿ ಹಾಕಿಕೊಂಡು ಅವನು ಮಲಗುತ್ತಾನೆ. ಉಳಿದವರು ಬೆಳಿಗ್ಗೆ ಎದ್ದು ಸಿಕ್ಕಿಸುತ್ತೇವೆ. ಬಾಗಿಲು ಸರಿಯಾಗಿ ಗೇಣಗಲ ನಿಲ್ಲುತ್ತದೆ. ತಾವು ಮೇಲೆ ಕೂತು ಇಡೀ ದಿನ ನೂಕುತ್ತಲೇ ಇರುತ್ತೀರಿ, ಕೆಳಗೆ ನಮ್ಮ ಹಳೆಯ ಬಟ್ಟೆಗಳು ಜಗ್ಗುವುದಿಲ್ಲ. ಆ ದೃಶ್ಯ ನೋಡುವಾಗ ನನಗೆ ವಯಸ್ಸೇ ಆಗಿಲ್ಲ ಅನ್ನಿಸುತ್ತದೆ. ಗೇಟಿನ ಮುಂದೆ ಕೂತವರು ಏಳದಿದ್ದರೆ ಗೇಟು ಹೇಗೆ ತಾನೇ ಮುಚ್ಚೀತು?

ತಮ್ಮ ತೋಳಿನಡಿಯಲ್ಲಿ ತಲೆಬಾಗಿಸದೆ ಓಡಾಡುವ ತಮ್ಮ ವಿಶ್ವಾಸಿ,
ಧಿಕ್ಕಾರದಕ್ಕ
(ಓಣಿಯ ಸಮಸ್ತ ಬದುಕಿರುವವರ ಪರವಾಗಿ)

ಮರೆತ ಮಾತು: ಅಧ್ಯಕ್ಷರ ಬಾಗಿಲ ಮೇಲೆ ಕೂತಿರುವ ತಮ್ಮ ಸೋದರನಿಗೆ ನಮ್ಮ ಸಂತಾಪ ತಿಳಿಸಿ. ನಿನ್ನೆ ಸಂಜೆ ಅಧ್ಯಕ್ಷರು ಯಾರೂ ನೋಡದಂತೆ ದರ್ಜಿಯಣ್ಣನ ಮನೆಗೆ ಬಂದು ಒಂದು ಸುರುಳಿ ಕೇಳಿದರು, ಪರದೆಯ ಬಣ್ಣಕ್ಕೆ ಹೊಂದುವಂಥದ್ದಿದ್ದರೆ ಒಳ್ಳೆಯದು ಎಂದೂ ಸೇರಿಸಿದರು. ಹೊಂದುವುದೇ ಸಿಕ್ಕಿತು; ಅವರ ಹಿಂದಿನ ಎಲ್ಲ ಋತುಗಳ ಸುತ್ತೋಲೆಗಳನ್ನೂ ಅದರೊಳಗೆ ತುಂಬಿ, ಹೊಲಿಗೆ ಹಾಕಿ, ನಾನೇ ತಲುಪಿಸಿದೆ. ಇವತ್ತು ಬೆಳಿಗ್ಗೆ ಅವರ ಬಾಗಿಲೂ ಗೇಣಗಲ ತೆರೆದಿತ್ತು. ಸಂದಿಯಲ್ಲಿ ಬಾಯಿಟ್ಟು, “ಸ್ವಾಮೀ, ಇದ್ದೀರಾ?” ಎಂದು ಕೂಗಿದೆ. ನರ್ಸಮ್ಮನನ್ನು ಕರೆಯಲು ತಿರುಗುವಷ್ಟರಲ್ಲಿ, “ಇದ್ದೀನಿ, ಹೋಗಮ್ಮಾ” ಎಂದರು.