ಹಿಂಬದಿ ಸಂದಿಯ ಪಡವಲ ಬಳ್ಳಿಯ ವಿಲೇವಾರಿ

ಕಚೇರಿ ಸುತ್ತೋಲೆ
ಸಂಖ್ಯೆ: ಹಿಂ.ಸಂ./ಪ.ಬ./೧೭

ವಿಷಯ: ಕಟ್ಟಡಕ್ಕೂ ಕಾಂಪೌಂಡ್ ಗೋಡೆಗೂ ನಡುವಿನ ಎರಡೂವರೆ ಅಡಿ ಸಂದಿಯಲ್ಲಿ ಬೆಳೆದಿರುವ ಪಡವಲ ಬಳ್ಳಿ ಹಾಗೂ ಅದನ್ನು ಬೆಳೆಸಿದ ಅಕ್ಕನವರ ಬಗ್ಗೆ.

ಉಲ್ಲೇಖ: ೧. ಸಂದಿಯನ್ನು ತೆರವುಗೊಳಿಸುವಂತೆ ಮೇಲಧಿಕಾರಿಗಳ ಆದೇಶ.
೨. ಸದರಿ ಆದೇಶದ ಜ್ಞಾಪನ.
೩. ಜ್ಞಾಪನಕ್ಕೆ ಉತ್ತರ ಬಾರದ ಬಗ್ಗೆ ಮತ್ತೊಂದು ಜ್ಞಾಪನ.

ಈ ಕಚೇರಿಯನ್ನು ಇಪ್ಪತ್ತಾರು ವರ್ಷ ಗುಡಿಸಿದ, ಜವಾನರಿಂದ ಅಧೀಕ್ಷಕರವರೆಗೆ ಎಲ್ಲರೂ ಅಕ್ಕ ಎಂದೇ ಕರೆಯುವ ಸಿಬ್ಬಂದಿಯು ತಿಂಗಳ ಕೊನೆಗೆ ನಿವೃತ್ತರಾಗಲಿದ್ದಾರೆ. ನಿವೃತ್ತರಿಗೆ ಸಂದಿಯೊಳಗೆ ಪ್ರವೇಶವಿರುವುದಿಲ್ಲ. ಅಕ್ಕನವರದು ಒಂದೇ ಕೋಣೆಯ ಮನೆಯಾಗಿದ್ದು, ಅಲ್ಲಿ ಬಿಸಿಲು ಬೀಳುವುದು ಮಂಚದ ಅರ್ಧಭಾಗಕ್ಕೆ ಮಾತ್ರವೆಂದು ಸ್ಥಳ ಪರಿಶೀಲನೆಯಿಂದ ದೃಢಪಟ್ಟಿದೆ. ಆ ಅರ್ಧದಲ್ಲಿ ಅವರ ಯಜಮಾನರು ಮಲಗುತ್ತಾರೆ. ಕಾರಣ, ಬಳ್ಳಿಯನ್ನು ಅಲ್ಲಿಗೆ ವರ್ಗಾಯಿಸಲು ಬರುವುದಿಲ್ಲ.

ಬಳ್ಳಿಯನ್ನು ಕೀಳಲು ಸಿದ್ಧತೆ ನಡೆದಿರುವಾಗ, ಅದರ ಕುಡಿಯೊಂದು ಕಿಟಕಿಯಿಂದ ಒಳಬಂದು ಟಪಾಲು ಗುಮಾಸ್ತರ ಮೇಜಿನ ಕಾಗದಗಳ ಮೇಲೆ ಒರಗಿದ್ದು, ಕೈಗೆ ಸಿಕ್ಕಿದ್ದಕ್ಕೆಲ್ಲ ಮೊಹರು ಒತ್ತುವ ಅಭ್ಯಾಸವುಳ್ಳ ಸದರಿ ಗುಮಾಸ್ತರು ಎಲೆಯೊಂದಕ್ಕೆ ‘ಸ್ವೀಕರಿಸಲಾಗಿದೆ’ ಎಂದು ಒತ್ತಿ, ಕಡತ ಸಂಖ್ಯೆಯನ್ನೂ ಬರೆದಿರುವುದು ಬೆಳಕಿಗೆ ಬಂದಿದೆ. ಅಂತಿಮ ಆದೇಶವಾಗದ ಕಡತವನ್ನು ನಾಶಪಡಿಸುವುದು ಶಿಕ್ಷಾರ್ಹ. ಆದ್ದರಿಂದ ಸಮಸ್ತ ಸಿಬ್ಬಂದಿಗೆ ಈ ಮೂಲಕ ಸೂಚಿಸುವುದೇನೆಂದರೆ:

೧. ಸದರಿ ಬಳ್ಳಿಯನ್ನು ಬಾಕಿ ಕಡತವೆಂದು ಪರಿಗಣಿಸತಕ್ಕದ್ದು. ನೀರೆರೆಯುವುದನ್ನು ಕಡತ ಮಂಡನೆಯೆಂದು ನಮೂದಿಸತಕ್ಕದ್ದು.

೨. ಸಂದಿಯಲ್ಲಿ ಇಬ್ಬರು ಎದುರುಬದುರಾದಲ್ಲಿ ಕಿರಿಯ ಸಿಬ್ಬಂದಿಯು ಹಿಂದಕ್ಕೆ ನಡೆಯತಕ್ಕದ್ದು. ಅಧೀಕ್ಷಕರು ಅಡ್ಡಡ್ಡವಾಗಿ ಚಲಿಸತಕ್ಕದ್ದು. ಕಳೆದ ವಾರ ಈ ಕ್ರಮವನ್ನು ಪಾಲಿಸದೆ ನೇರವಾಗಿ ಹೋದ ಅಧೀಕ್ಷಕರನ್ನು ಹೊರತೆಗೆಯಲು ಎರಡು ಶಾಖೆಗಳ ಸಿಬ್ಬಂದಿ ಬೇಕಾಯಿತು.

೩. ಪಡವಲಕಾಯಿ ಡೊಂಕಾಗದಿರಲೆಂದು ತುದಿಗೆ ಕಲ್ಲು ಕಟ್ಟುವುದು ವಾಡಿಕೆ. ಕಲ್ಲು ಸಿಗದ ಕಾರಣ ನಾಲ್ಕು ಶಾಖೆಗಳ ಪೇಪರ್‌ವೇಟುಗಳನ್ನು ಬಟ್ಟೆಯಲ್ಲಿ ಸುತ್ತಿ ಕಟ್ಟಿರುವುದು ಕಂಡುಬಂದಿದೆ. ಕಾಯಿಗಳು ನೆಟ್ಟಗಾಗಿವೆ. ಕಾಗದಗಳು ಹಾರುತ್ತಿವೆ. ಕಾಯಿ ಬಲಿಯುವವರೆಗೆ ಯಾರೂ ಫ್ಯಾನ್ ಹಾಕತಕ್ಕದ್ದಲ್ಲ.

೪. ಗೋಡೆಯ ಒತ್ತುವರಿಗೆ ಕಾರಣ ಕೇಳಿ ಬಳ್ಳಿಯ ಕಾಂಡಕ್ಕೆ ನೋಟಿಸು ಕಟ್ಟಲಾಗಿದೆ. ಲಿಖಿತ ಉತ್ತರ ಬಾರದೆ ಅಂತಿಮ ಆದೇಶ ಹೊರಡಿಸುವಂತಿಲ್ಲ. ಉತ್ತರಕ್ಕಾಗಿ ಬಳ್ಳಿಯನ್ನು ಅವಸರಪಡಿಸಕೂಡದು. ಅಷ್ಟರಲ್ಲಿ ಅದು ಒಣಗಿದರೆ, ಅದರ ಬೀಜಗಳನ್ನು ಕಾನೂನುಬದ್ಧ ವಾರಸುದಾರರೆಂದು ಬಗೆದು, ಬಿತ್ತಿ, ಮೊಳೆತ ಮೇಲೆ ನೋಟಿಸನ್ನು ಹೊಸದಾಗಿ ಜಾರಿಗೊಳಿಸತಕ್ಕದ್ದು.

೫. ವಿಚಾರಣೆಯಲ್ಲಿ ಅಕ್ಕನವರು ನೀಡಿದ ಹೇಳಿಕೆಯನ್ನು ಯಥಾವತ್ತಾಗಿ ದಾಖಲಿಸಲಾಗಿದೆ: “ಯಾರ ಗೋಡೆ ಅಂತ ಬಳ್ಳಿಗೇನು ಗೊತ್ತು ಸಾರ್, ಸಿಕ್ಕಿದ್ದು ಹಿಡ್ಕೊಂಡು ಹತ್ತುತ್ತೆ. ತಪ್ಪಿದ್ರೆ ನಂದು. ಕೀಳೋದಾದ್ರೆ ನಾನು ಹೋದ್ಮೇಲೆ ಕಿತ್ತುಬಿಡಿ, ನನ್ನ ಕಣ್ಣೆದುರಿಗೆ ಬೇಡ.” ಈ ಹಂತದಲ್ಲಿ, ಬರೆದುಕೊಳ್ಳುತ್ತಿದ್ದ ಗುಮಾಸ್ತರು ಪೆನ್ನು ಮುಚ್ಚಿಟ್ಟು ಹೊರನಡೆದ ಕಾರಣ ವಿಚಾರಣೆಯನ್ನು ಮುಂದೂಡಲಾಗಿದೆ.

೬. ಅಕ್ಕನವರು ರಜೆಯಲ್ಲಿದ್ದ ಮೂರು ದಿನ ಅಧೀಕ್ಷಕರೇ ಖುದ್ದಾಗಿ ಕಡತ ಮಂಡಿಸಿದ್ದು, ಎಲೆಗಳು ಹಳದಿಯಾಗಿವೆ. ನೀರು ಹೆಚ್ಚಾಗಿಯೋ ಕಡಿಮೆಯಾಗಿಯೋ ಎಂಬುದು ಅಕ್ಕನವರಿಗೆ ಮಾತ್ರ ತಿಳಿದಿದೆ. ಆದುದರಿಂದ ಕಡತ ವಿಲೇವಾರಿಯಾಗುವವರೆಗೆ ಅವರು ನಿವೃತ್ತಿಯ ನಂತರವೂ ಪ್ರತಿದಿನ ಬೆಳಗ್ಗೆ ಬಂದು ಹೋಗತಕ್ಕದ್ದು. ಅಕ್ಕನವರು ಬಾರದಿದ್ದರೆ ಕಚೇರಿಗೆ ಬೇಸರವಾಗುತ್ತದೆ ಎಂಬ ಅಂಶವನ್ನೂ ಇಲ್ಲಿ ದಾಖಲಿಸಲಾಗಿದೆ. ಈ ಅಂಶಕ್ಕೆ ಯಾವುದೇ ನಿಯಮದ ಆಧಾರವಿರುವುದಿಲ್ಲ.

ಸಹಿ/-
ಅಧೀಕ್ಷಕರು
(ಹಿಂಬದಿ ಸಂದಿ, ಹೆಚ್ಚುವರಿ ಪ್ರಭಾರ)

ಪ್ರತಿಗಳು:
೧. ಮೇಲಧಿಕಾರಿಗಳಿಗೆ, ಎರಡು ಎಳೆಯ ಕಾಯಿಗಳೊಂದಿಗೆ, ಸಹಾನುಭೂತಿಯ ಪರಿಶೀಲನೆಗಾಗಿ.
೨. ಟಪಾಲು ಗುಮಾಸ್ತರಿಗೆ, ಮೊಹರು ಒತ್ತುವ ಮುನ್ನ ಕಣ್ಣು ಬಿಟ್ಟು ನೋಡುವಂತೆ ಎಚ್ಚರಿಕೆಯೊಂದಿಗೆ ಹಾಗೂ ಈ ಬಾರಿ ನೋಡದಿದ್ದುದಕ್ಕೆ ಕೃತಜ್ಞತೆಯೊಂದಿಗೆ.
೩. ಪಕ್ಕದ ಕಟ್ಟಡದವರಿಗೆ, ಅತ್ತ ಇಳಿದ ಕಾಯಿಗಳು ಇಲಾಖೆಯ ದಾಖಲೆಗಳಾಗಿದ್ದು ಸಾರು ಮಾಡತಕ್ಕದ್ದಲ್ಲ ಎಂಬ ಸೂಚನೆಯೊಂದಿಗೆ.
೪. ಅಕ್ಕನವರಿಗೆ. ಸಂದಿಯ ಬಾಗಿಲಿನ ಬೀಗದ ಕೈ ಲಗತ್ತಿಸಿದೆ. ಹಿಂತಿರುಗಿಸಬೇಕಾದ ದಿನಾಂಕದ ಜಾಗವನ್ನು ಖಾಲಿ ಬಿಡಲಾಗಿದೆ.